ನನ್ನ ಟೈಪು ಕನ್ನಡ ಸೀನಿಯರ್

ಪ್ರೀತಿಯ ರಾಚಯ್ಯ,

ಅಂಚೆಗೆ ಹಾಕುವ ಧೈರ್ಯವಿಲ್ಲದ ಈ ಪತ್ರದಲ್ಲಿ ಪ್ರಮಾಣ ಮಾಡಿ ಒಪ್ಪಿಕೊಳ್ಳುತ್ತೇನೆ: ಮೊನ್ನೆ ನವನಗರದಲ್ಲಿ ನಾನೊಂದು ಕಳವು ಮಾಡಿದೆ. ಕದ್ದದ್ದು ನಿನ್ನ ಸ್ವಭಾವ.

ನಮ್ಮ ಕಚೇರಿಗೆ ವ್ಯಕ್ತಿತ್ವ ತರಬೇತಿ ಕೊಡಲು ಒಬ್ಬ ಮೇಡಂ ಬಂದಿದ್ದರು. "ನಿಮ್ಮ ಟೈಪ್ ಯಾವುದು ಗೊತ್ತೇನ್ರಿ?" ಎಂದರು. ಹುನಗುಂದದಲ್ಲಿ ನಿನ್ನ ಪಕ್ಕ ಕುಳಿತು ಟೈಪಿಂಗ್ ಕಲಿತು ಸೀನಿಯರ್ ಪರೀಕ್ಷೆ ಪಾಸಾದವನಲ್ಲವೇ, "ಕನ್ನಡ ಸೀನಿಯರ್ ರೀ" ಎಂದೆ. ಅವರು ನಗದೆ ಪ್ರಶ್ನಾವಳಿ ಕೈಗಿಟ್ಟರು. ಜಗಳವಾದರೆ ಮೊದಲು ನೀವೇ ಮಾತಾಡಿಸುತ್ತೀರಾ ಎಂಬಲ್ಲಿ 'ಹೌದು' ಎಂದು ಗುರುತು ಹಾಕಿದೆ. ಫಲಿತಾಂಶ ಬಂತು: ನಾನು ಬಹಿರ್ಮುಖಿ, ಸ್ನೇಹಜೀವಿ, ದೊಡ್ಡ ಮನಸ್ಸಿನವ.

ಅದನ್ನೋದಿದ ನನ್ನ ಹೆಂಡತಿ ಸುನಂದಾ, "ಇದು ನಿಮ್ದಲ್ಲ ಬಿಡ್ರಿ, ರಾಚಣ್ಣಂದು. ನಿಮ್ದು ಬಹಿರ್ಮುಖ ಅಲ್ಲ, ಉಬ್ಬಿದ ಮುಖ" ಎಂದಳು.

ಅವಳ ಮಾತು ಖರೆ. ಇಳಕಲ್ಲಿನಲ್ಲಿ ನಿನ್ನ ಸೀರೆ ಅಂಗಡಿ ಶುರುವಾದ ದಿನ ಮೈಕು ಹಿಡಿದು, "ನಮ್ಮ ರಾಚಯ್ಯ ಸೀರಿ ಮಾರತಾನ, ಟೋಪಿ ಪುಕ್ಕಟ ಹಾಕತಾನ" ಎಂದವನು ನಾನು. ಗಿರಾಕಿಗಳೆಲ್ಲ ನಕ್ಕರು, ನೀನು ನಗಲಿಲ್ಲ. ಆಮೇಲೂ ಎರಡು ಸಲ ಫೋನ್ ಮಾಡಿದವನು ನೀನೇ, ಎತ್ತದವನು ನಾನು. ಆರು ವರ್ಷವಾಯಿತು.

"ಇವತ್ತ ಇಳಕಲ್ಲಿಗೆ ಹೋಗಿ ಮಾತಾಡಿಸೇ ಬರತೇನಿ, ನೋಡ್ತಿರು" ಎಂದು ಸುನಂದಾಳೆದುರು ಎದೆ ತಟ್ಟಿ ಬಸ್ಸು ಹತ್ತಿದೆ.

ಬಂದಿದ್ದೆ, ಮಾರಾಯ. ನಿನ್ನ ಅಂಗಡಿಯೆದುರೇ ನಿಂತಿದ್ದೆ. ಸೀರೆ ಮಡಚುತ್ತಿದ್ದ ನೀನು ತಲೆ ಎತ್ತುವಷ್ಟರಲ್ಲಿ ಪಕ್ಕದ ಸೀರೆ ಅಂಗಡಿಗೆ ನುಗ್ಗಿದೆ. "ಏನ್ ತೋರಸ್ಲಿರಿ?" ಎಂದರು. ನಿನ್ನ ಪೈಪೋಟಿಯವನ ಹತ್ತಿರವೇ ಒಂದು ಸೀರೆ ಕೊಂಡು ಹಿತ್ತಲ ಬಾಗಿಲಿಂದ ಓಡಿಬಂದೆ.