ಆರದ ಗೊಬ್ಬರ

ಸುಗಟೂರು
12 ಜೂನ್ 2024

ಶ್ವೇತಾಗೆ ನಿನ್ನ ಅಕ್ಕ ರಜನಿಯ ಆಶೀರ್ವಾದಗಳು.

ಯುಗಾದಿಗೆ ನಿಮ್ಮನೆಯಿಂದ ಮುನಿಸಿಕೊಂಡು ಬಂದವಳು ಈಗ ಬರೆಯುತ್ತಿದ್ದೇನೆ, ಬಯ್ಯಬೇಡ. ಫೋನಿನಲ್ಲಿ ಮಾತು ಶುರುವಾದರೆ ಮತ್ತೆ ಜಗಳವೇ. ಅದಕ್ಕೇ ನಿಮ್ಮ ಭಾವನ ಕೈಯಲ್ಲಿ ಕಾಗದ, ಜೊತೆಗೆ ಟೆಂಪೋ.

ನಮ್ಮ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿವೆ. ಗೂಡು ಕಟ್ಟುವ ತನಕ ಇನ್ನೊಂದು ವಾರ ಹಗಲೂ ರಾತ್ರಿ ಮೇಯುತ್ತವೆ. ನಮ್ಮ ತೋಟದಲ್ಲಿ ಅಳಿದುಳಿದ ಹಿಪ್ಪುನೇರಳೆ ಸೊಪ್ಪೂ ಮುಗಿಯಿತು.

ತಪ್ಪು ನನ್ನದೇ. ಬೈರಕೂರಿನ ನಿನ್ನ ತೋಟದಲ್ಲಿ ಅಂಗೈ ಅಗಲದ ಎಲೆ ನೋಡಿ ಹೊಟ್ಟೆ ಉರಿದುಹೋಗಿತ್ತು. ಏನು ಹಾಕುತ್ತೀಯೆಂದು ಕೇಳಿದ್ದಕ್ಕೆ, "ಸಗಣಿ, ಹುಳದ ಹಿಕ್ಕೆ ಗುಂಡಿಗೆ ಹಾಕಿ ನಾಲ್ಕು ತಿಂಗಳು ಬಿಡಕ್ಕ. ಹಾರೆ ಚುಚ್ಚಿ ತೆಗೆದ್ರೆ ತಣ್ಣಗಿರ್ಬೇಕು. ಅಮ್ಮ ಹೇಳ್ಕೊಟ್ಟಿದ್ದು" ಎಂದೆ ನೀನು. ನಿನಗೆ ಹೇಳಿಕೊಟ್ಟ ಅಮ್ಮ ನನಗೇಕೆ ಹೇಳಿಕೊಡಲಿಲ್ಲ? ನಾನು ಹಿಂದೆ ಬೀಳಲಿ ಎಂದು ನೀನೇ ಕಟ್ಟಿದ ಕಥೆ ಎಂದುಕೊಂಡೆ. ಊರಿಗೆ ಬಂದವಳೇ ಹಬೆಯಾಡುತ್ತಿದ್ದ ಗೊಬ್ಬರವನ್ನು ಗಿಡಗಳ ಬುಡಕ್ಕೆ ಸುರಿಸಿದೆ. ಹದಿನೈದು ದಿನಕ್ಕೆ ತೋಟವೆಲ್ಲ ಹಳದಿ.

ರೇಷ್ಮೆ ಇಲಾಖೆಯ ಶ್ರೀವಾಣಿ ಮೇಡಂ ಬಂದು ಬೇರು ಕಿತ್ತು ನೋಡಿದರು. "ಬಿಸಿಲು ಕುಡಿದು ಎಲೆ ಬೆಳೀತು. ಹುಳ ಎಲೆ ತಿಂದು ಒಂದಿಷ್ಟು ರೇಷ್ಮೆ ಮಾಡ್ತು, ಮಿಕ್ಕಿದ್ದು ಹಿಕ್ಕೆ. ಗುಂಡೀಲಿ ಕಣ್ಣಿಗೆ ಕಾಣದ ಜೀವಿಗಳು ಅದನ್ನ ತಿನ್ನೋವಾಗ ಆ ಬಿಸಿಲೇ ಶಾಖ ಆಗಿ ಆಚೆ ಬರುತ್ತಮ್ಮ. ಶಾಖ ಹೋಗ್ಬೇಕು, ಸಾರ ಮಣ್ಣಿಗೆ ಉಳೀಬೇಕು. ನೀವು ಬೇರನ್ನೇ ಬೇಯಿಸಿದ್ದೀರ" ಎಂದರು.

ನಾಚಿಕೆಯಾಯಿತು. ಹಾಗಂತ ಹೊಟ್ಟೆಕಿಚ್ಚು ಇಳಿಯಲಿಲ್ಲ ಕಣೇ. ನೀನು ನಿಜ ಹೇಳಿದ್ದೆ ಎಂದು ತಿಳಿದ ಮೇಲೆ ಇನ್ನೂ ಜಾಸ್ತಿಯಾಯಿತು!

ವಾರ ಪೂರ್ತಿ ದಿನಕ್ಕೊಂದು ಟೆಂಪೋ ಸೊಪ್ಪು ಕೊಡು. ಮುಚ್ಚಲು ಒದ್ದೆ ಗೋಣಿ ಕಳಿಸಿದ್ದೇನೆ. ಆಗದಿದ್ದರೆ ಇವರ ಮುಂದೆ ಹೇಳಬೇಡ, ಚೀಟಿ ಬರೆದುಕೊಡು.

ಮುರಳಿಮೋಹನನಿಗೂ ನಿಮ್ಮ ಮಕ್ಕಳಿಗೂ ಒಳ್ಳೆಯದಾಗಲಿ. ನಿನಗೂ, ಮನಸಾರೆ.

ನಿನ್ನ ಅಕ್ಕ,
ರಜನಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಮೊನ್ನೆ ಕೋಲಾರದ ಅಣ್ಣನ ಮನೆಗೆ ಫೋನ್ ಮಾಡಿದಾಗ ಅಮ್ಮನೇ ಎತ್ತಿಕೊಂಡು, "ಶ್ವೇತಾನಾ?" ಎಂದಳು. ಹೂಂ ಎಂದುಬಿಟ್ಟೆ. ನಿನ್ನ ಜೊತೆ ಹೇಗೆ ಮಾತಾಡುತ್ತಾಳೆ ಎಂದು ಒಂದು ಸಲ ಕೇಳಬೇಕಿತ್ತು ನನಗೆ. "ಊಟ ಆಯ್ತಾ ಕಂದಾ?" ಎಂದಳು. ನನ್ನನ್ನು ಹಾಗೆ ಕರೆದದ್ದು ನೆನಪೇ ಇಲ್ಲ. ಆಮೇಲೆ, "ನಿಮ್ಮಕ್ಕಂಗೆ ಒಂದ್ಸಲ ಫೋನ್ ಮಾಡೋಕೆ ಹೇಳೇ. ಅವಳ ದನಿ ಕೇಳ್ಬೇಕು ಅನ್ನಿಸ್ತದೆ" ಎಂದಳು.

"ಹೇಳ್ತೀನಮ್ಮ" ಎಂದೆ.