ಜಪಾನಿನವನಿಗೆ ಮೊದಲು ತಿಳಿದ ಸುದ್ದಿ

ಪಲ್ಲಡಂ
ಭಾನುವಾರ, ೧೬ ಫೆಬ್ರವರಿ ೨೦೨೫

ಪ್ರೀತಿಯ ಕಾರ್ತಿಕೇಯನ್ ಅವರಿಗೆ,

ನಿಮ್ಮ ಹೆಂಡತಿ ಸತ್ಯಾಳ ನಮಸ್ಕಾರ. ‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಹೊಡೆದ ಗುರುತು ಕಾಣಿಸಿದರೆ ಕಾಣಿಸಲಿ. ಊಟ, ನಿದ್ದೆ ಸರಿಯಾಗಿದೆಯೇ? ಮಲೇರಿಯಾ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ದಕ್ಷಿಣ ಸುಡಾನಿನ ಬಿಸಿಲಿಗೆ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆ ಒಣಗಿತೇ? ಇಲ್ಲಿ ಅತ್ತೆ ಗಟ್ಟಿಯಾಗಿದ್ದಾರೆ. ಮಾವನ ಮಂಡಿನೋವು ಇದ್ದ ಹಾಗೇ ಇದೆ. ಅಭಿನಯಾಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನನ್ನ ವಿಷಯ ಆಮೇಲೆ. ಮೊದಲು ಜಗಳ ಮುಗಿಸುತ್ತೇನೆ.

ಫೋನಿನಲ್ಲಿ ಹೇಳಬಹುದಿತ್ತು ಎನ್ನುತ್ತೀರಿ. ಯಾವ ಫೋನಿನಲ್ಲಿ? ‘ಇಲ್ಲಿ ನೆಟ್ ಕೆಟ್ಟಿದೆ, ಸರಿಯಾದ ಮೇಲೆ ಮಾತಾಡುತ್ತೇನೆ’ ಎಂಬ ನಿಮ್ಮ ಸಂದೇಶ ಬಂದು ಹನ್ನೊಂದು ದಿನವಾಯಿತು. ಫೋನ್ ಸಿಕ್ಕಾಗಲೂ ನಿಮ್ಮ ಕಡೆ ಹತ್ತು ಜನ, ನಮ್ಮ ಕಡೆ ಇಡೀ ಮನೆ. ಕಾಂಗೇಯಂನ ಪ್ರೇಮ್ ಕುಮಾರ್ ಅಣ್ಣ ರಜೆ ಮುಗಿಸಿ ಇವತ್ತು ಸಂಜೆಯ ರೈಲಿಗೆ ಹೊರಡುತ್ತಾರೆ, ಈ ವಾರದಲ್ಲೇ ನಿಮ್ಮ ಶಾಂತಿಪಡೆಯ ಕ್ಯಾಂಪ್ ಸೇರುತ್ತಾರಂತೆ. ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕವರು ಒಡೆದು ನೋಡಿದರೂ ಅವರಿಗೆ ಏನೂ ತಿಳಿಯದು. ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತೀರಿ, ಆದರೆ ಓದಲು ಬರುವುದು ಕೊಳ್ಳೇಗಾಲದಿಂದ ಬಂದ ನನಗೆ ಮತ್ತು ಮದುವೆಯಾದ ವರ್ಷ ನನ್ನಿಂದ ಅಕ್ಷರ ಕಲಿತ ನಿಮಗೆ ಮಾತ್ರ. ಅದೊಂದು ಒಳ್ಳೆಯದಾಯಿತು, ಬೈಯುವುದಕ್ಕೆ ಅನುಕೂಲ.

ಮೊನ್ನೆ ಬುಧವಾರ ನಮ್ಮ ಕಡೆ ತಿಂಗಳ ಕರೆಂಟ್ ಕಟ್. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಬೇರೆ ದಿನಗಳಲ್ಲಿ ಆ ಮೋಟಾರುಗಳ ಗದ್ದಲ ರೇಡಿಯೊದೊಳಗೂ ಪರಪರ ಎಂದು ತುಂಬಿಕೊಂಡು ಏನೂ ಕೇಳಿಸದು. ಕರೆಂಟ್ ಇಲ್ಲದ ದಿನ ಬ್ಯಾಟರಿಗೆ ಸಿಕ್ಕಿಸಿ ಕೂತರೆ ಲೋಕವೆಲ್ಲ ಕೇಳಿಸುತ್ತದೆ ಎಂದು ಕಲಿಸಿಕೊಟ್ಟವರು ನೀವೇ. ನಾನು ಬೆಳಿಗ್ಗೆ ತಿರುಪ್ಪೂರಿಗೆ ಹೋಗಿ ಐದನೇ ತಿಂಗಳ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದೆ. ಆಫೀಸಿಗೆ ರಜೆ ಹಾಕಿದ್ದೆ. ನಿಮಗೆ ನಾಲ್ಕು ಸಲ ಫೋನ್ ಮಾಡಿದೆ, ಹೋಗಲಿಲ್ಲ. ಹಾಳಾಗಿ ಹೋಗಲಿ, ಧ್ವನಿಯಾದರೂ ಕೇಳೋಣ ಎಂದು ಮಾಳಿಗೆಯ ಕೋಣೆಗೆ ಹೋಗಿ ನಿಮ್ಮ ಹಳೆಯ ರೇಡಿಯೊ ಸೆಟ್ ಹಾಕಿದೆ. ಮೂರೂವರೆ ಗಂಟೆ, ಅಂದರೆ ನಿಮಗೆ ಮಧ್ಯಾಹ್ನದ ಊಟದ ಹೊತ್ತು. ಅದರಲ್ಲಿ ನೀವು ಇದ್ದಿರಿ! ನೆಟ್ ಕೆಟ್ಟ ಊರಿನಲ್ಲಿ, ಗಂಟಲು ಚೆನ್ನಾಗಿಯೇ ಇತ್ತು.

ಹವ್ಯಾಸಕ್ಕೆ ಲೋಕದವರೊಡನೆಲ್ಲ ಮಾತಾಡುವ ನಿಮ್ಮ ಹ್ಯಾಮ್ ರೇಡಿಯೊಗೆ ನೆಟ್ ಬೇಡ ಎಂದು ನನಗೆ ಗೊತ್ತು, ಪಾಠ ಮಾಡಬೇಡಿ. ಸಾಹೇಬರ ಅನುಮತಿ, ಆ ದೇಶದ ಲೈಸೆನ್ಸ್ ಎಲ್ಲ ಪಡೆದುಕೊಂಡೇ ಮಾತಾಡುತ್ತೀರಿ, ಅದೂ ಗೊತ್ತು. ಅಂಥ ಅಪರೂಪದ ದೇಶದಿಂದ ಒಬ್ಬರು ಮಾತಾಡಿದರೆ ನೂರು ಜನ ಒಟ್ಟಿಗೆ ಕೂಗಿ ಕರೆಯುತ್ತಾರೆ, ನೀವು ಮದುವೆ ಮನೆಯಲ್ಲಿ ತಾಂಬೂಲ ಕೊಡುವವರ ಹಾಗೆ ಒಬ್ಬೊಬ್ಬರಿಗೂ ‘ಫೈವ್ ನೈನ್, ಥ್ಯಾಂಕ್ಯೂ’ ಎಂದು ಹಂಚುತ್ತೀರಿ. ಫೈವ್ ನೈನ್ ಎಂದರೆ ನಿಮ್ಮ ಧ್ವನಿ ಸ್ಪಷ್ಟವಾಗಿ, ಜೋರಾಗಿ ಕೇಳಿಸಿತು ಎಂದರ್ಥವಂತೆ. ಅರ್ಧಂಬರ್ಧ ಕೇಳಿಸಿದವನಿಗೂ ಅದನ್ನೇ ಕೊಡುತ್ತೀರಿ. ನಮಗೂ ಅಷ್ಟೇ. ಮಾವ ಮಂಡಿನೋವು ಎಂದರೆ ಸರಿ ಅಪ್ಪಾ, ನಾನು ವಾಂತಿ ಎಂದರೆ ಸರಿ ಸತ್ಯಾ, ಮುಂದಿನವರು ಬನ್ನಿ.

ಅವರೆಲ್ಲ ಆಮೇಲೆ ಮಾತಾಡಿದ ಗುರುತಿಗೆ ಕಾರ್ಡು ಕಳಿಸುತ್ತಾರೆ. ಯಾವ ವಿಳಾಸಕ್ಕೆ? ಪಲ್ಲಡಂನ ನಮ್ಮ ಮನೆಗೆ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ಈಗ ಸೈಕಲ್ ನಿಲ್ಲಿಸುವ ಮೊದಲೇ ನಗುತ್ತಾನೆ. ಹಾಲೆಂಡಿನ ಗಾಳಿಯಂತ್ರ, ಬ್ರೆಜಿಲ್ಲಿನ ಗಿಳಿ, ಯಾರದೋ ಮೊಮ್ಮಗ ನಾಯಿಯ ಜೊತೆ ನಿಂತ ಫೋಟೊ. ‘ನಿಮ್ಮೊಡನೆ ಮಾತಾಡಿದ್ದು ಸಂತೋಷ’ ಎಂದು ಒಬ್ಬೊಬ್ಬರಿಗೂ ಉತ್ತರ ಬರೆಯುವವಳು ನಾನು. ದಿನ, ಗಂಟೆ, ರೇಡಿಯೊದಲ್ಲಿ ಅವರವರ ಗುರುತಿನ ಹೆಸರಾದ ಕಾಲ್ ಸೈನ್ ನೋಡಿ ನೋಡಿ ತುಂಬಿಸಿ, ಕೆಳಗೆ ನಿಮ್ಮ ಹೆಸರು ಹಾಕುತ್ತೇನೆ. ದೀಪಾವಳಿಯಿಂದ ಇಲ್ಲಿಯವರೆಗೆ ಎಷ್ಟು ಕಾರ್ಡಿಗೆ ನಿಮ್ಮ ಸಂತೋಷ ಬರೆದೆನೋ ಲೆಕ್ಕವಿಲ್ಲ. ಅದಕ್ಕೂ ನನಗೆ ಬೇಸರವಿರಲಿಲ್ಲ, ನಿಜವಾಗಿ ಹೇಳುತ್ತೇನೆ, ಅದು ನನಗೆ ಇಷ್ಟದ ಕೆಲಸವೇ ಆಗಿತ್ತು.

ಬುಧವಾರ ಸೆಟ್ಟಿನ ಸದ್ದು ಕೇಳಿ ಅತ್ತೆಯೂ ಮೆಟ್ಟಿಲು ಹತ್ತಿ ಬಂದರು. ಅವರಿಗೆ ಇಂಗ್ಲಿಷ್ ಬರದು, ಆದರೆ ಧ್ವನಿ ಸಾಕು. ಸೆರಗಿನಲ್ಲಿ ಕೈ ಒರೆಸಿಕೊಂಡು ಸೆಟ್ಟಿನ ಪಕ್ಕ ನೆಲದ ಮೇಲೆ ಕೂತರು. ಆ ಹೊತ್ತಿಗೆ ಸರಿಯಾಗಿ ಯಾರೋ ಜಪಾನಿನವನು ನಿಮಗೆ ಸಿಕ್ಕ. ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ, ನೀವು ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸಿತು. ಅವಸರವಿಲ್ಲ ಗೆಳೆಯಾ, ಇವತ್ತು ಆಗದಿದ್ದರೆ ಇನ್ನೊಂದು ದಿನ ನೋಡೋಣ, ಮುಂದಿನ ತುಕಡಿಯ ಜೊತೆಗೂ ಉಳಿಯುತ್ತೇನೆ ಎಂದು ಹೆಸರು ಕೊಟ್ಟಿದ್ದೇನೆ, ಅಕ್ಟೋಬರ್‌ವರೆಗೆ ಇಲ್ಲೇ ಇರುತ್ತೇನೆ ಎಂದಿರಿ. ಹಾಗೆಂದು ನಕ್ಕಿರಿ ಕೂಡ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. “ಏನಂತಾನಮ್ಮಾ ಕಾರ್ತಿ? ಚಿತ್ತಿರೈ ತಿಂಗಳಿಗೆ ಬಂದ್ಬುಡ್ತಾನಲ್ಲ?” ಎಂದರು. ಏಪ್ರಿಲ್ ಮುಗಿಯುವುದರೊಳಗೆ ಮನೆಯಲ್ಲಿರುತ್ತೇನೆ ಎಂದು ನೀವು ಹೋಗುವಾಗ ಅವರ ತಲೆ ಮುಟ್ಟಿ ಹೇಳಿದ್ದಿರಿ, ಅವರು ಕ್ಯಾಲೆಂಡರಿನ ಹಾಳೆ ತಾವೇ ಹರಿಯುತ್ತಾರೆ, ಬೇರೆ ಯಾರಿಗೂ ಬಿಡುವುದಿಲ್ಲ. ನಾನು ಏನು ಹೇಳಲಿ? ಅಲ್ಲಿ ಸೆಕೆ ಜಾಸ್ತಿಯಂತೆ ಅತ್ತೆ, ಅದನ್ನೇ ಹೇಳುತ್ತಿದ್ದಾರೆ ಎಂದೆ. ಮಗ ಇಷ್ಟು ನಗುತ್ತಾ ಸೆಕೆಯ ಮಾತಾಡುತ್ತಾನಲ್ಲ ಎಂದು ಖುಷಿಪಟ್ಟು, ಸಾಂಬಾರಿಗೆ ಬೇಳೆ ನೆನೆಹಾಕಬೇಕೆಂದು ಇಳಿದು ಹೋದರು. ಹದಿನೈದು ವರ್ಷ ಸಿಗ್ನಲ್ಸ್‌ನಲ್ಲಿ ಕೆಲಸ ಮಾಡಿದ ಹವಾಲ್ದಾರರೇ, ಗಾಳಿಯಲ್ಲಿ ಬಿಟ್ಟ ಮಾತು ಯಾರಿಗೆ ಬೇಕಾದರೂ ಕೇಳಿಸುತ್ತದೆ ಎನ್ನುವುದು ನಿಮಗೆ ತಿಳಿಯದೇ? ನಿಮ್ಮ ತಾಯಿಗೆ ನಿಮ್ಮ ಪರವಾಗಿ ನಾನೇಕೆ ಸುಳ್ಳು ಹೇಳಬೇಕು?

ಭತ್ಯೆಗಾಗಿ ಉಳಿಯುತ್ತೇನೆ ಎಂದು ಮಾತ್ರ ಬರೆಯಬೇಡಿ, ನನ್ನ ಸಂಬಳವೂ ಬರುತ್ತಿದೆ. ಆ ನಗು ಕೇಳಿದವಳು ನಾನು. ಅಲ್ಲಿ ನೀವು ಬೇಕಾದವರು, ಲೋಕವೇ ಸಾಲುಗಟ್ಟಿ ನಿಮ್ಮ ಹೆಸರು ಕರೆಯುತ್ತದೆ, ಅದು ಬಿಟ್ಟು ಬರಲು ಕಷ್ಟ. ಇಷ್ಟನ್ನು ನನ್ನ ಹತ್ತಿರವೇ ಹೇಳಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಅಭಿನಯಾ ಹುಟ್ಟಿದಾಗ ನೀವು ಲೇಹ್‌ನಲ್ಲಿದ್ದಿರಿ. ಐದು ತಿಂಗಳ ಮಗು ನಿಮ್ಮ ಮೀಸೆ ನೋಡಿ ಕಿರುಚಿ ಮೂರು ದಿನ ನನ್ನ ಸೊಂಟದಿಂದ ಇಳಿಯಲಿಲ್ಲ, ನೀವು ಹಿತ್ತಿಲಲ್ಲಿ ನಿಂತು ಕಣ್ಣೊರೆಸಿಕೊಂಡಿರಿ. ಇನ್ನೊಂದು ಮಗುವಿಗೆ ಹೀಗಾಗಲು ಬಿಡುವುದಿಲ್ಲ ಎಂದವರು ನೀವು, ನಾನು ಕೇಳಿಕೊಂಡಿರಲಿಲ್ಲ. ಈ ಮಗು ಜೂನ್ ಕೊನೆಗೆ. ನೀವು ಅಕ್ಟೋಬರಿಗೆ. ಕೂಡಿ ಕಳೆಯಲು ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ.

ಸಿಟ್ಟು ಇಳಿದಿಲ್ಲ, ಕಾಗದ ಮುಗಿಯುತ್ತಿದೆ. ಅತ್ತೆ ಎಳ್ಳುಂಡೆ ಮಾಡಿ ಕೊಟ್ಟಿದ್ದಾರೆ, ಪ್ರೇಮ್ ಕುಮಾರ್ ಅಣ್ಣನಿಗೂ ಕೊಟ್ಟು ತಿನ್ನಿ. ಮಾವ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಅಭಿನಯಾ ತನ್ನ ಬಿದ್ದ ಹಲ್ಲುಗಳನ್ನು ಕವರಿನಲ್ಲಿ ಹಾಕು ಎಂದು ಹಟ ಹಿಡಿದಿದ್ದಳು, ಬೈದು ಮಧ್ಯಾಹ್ನದ ನಿದ್ದೆಗೆ ಮಲಗಿಸಿದ್ದೇನೆ. ಗುಂಡಿನ ಸದ್ದು ಕೇಳಿದ ಕಡೆ ಹೋಗಬೇಡಿ. ಎಷ್ಟೇ ಸಿಟ್ಟಿದ್ದರೂ ನಿಮ್ಮ ಜೀವಕ್ಕಾಗಿ ದಿನವೂ ದೀಪ ಹಚ್ಚುತ್ತೇನೆ.

ಇಂತು ನಿಮ್ಮ,
ಸತ್ಯಾ

ಮರೆತ ಮಾತು: ಪ್ರೇಮ್ ಕುಮಾರ್ ಅಣ್ಣ ಕಾಫಿ ಕುಡಿಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಸ್ಕ್ಯಾನಿನಲ್ಲಿ ಮಗು ಚೆನ್ನಾಗಿದೆ. ಆದರೆ ಮಾಸು, ಅದೇ ಪ್ಲಾಸೆಂಟಾ, ತೀರ ಕೆಳಗಿದೆಯಂತೆ. ಮೇಲೆ ಸರಿಯಬಹುದು, ಸರಿಯದಿದ್ದರೆ ಆಪರೇಷನ್. ಭಾರ ಎತ್ತಬೇಡಿ, ರಕ್ತ ಕಂಡರೆ ಒಂದು ಗಳಿಗೆ ತಡಮಾಡದೆ ಬನ್ನಿ, ಯಜಮಾನರು ಹತ್ತಿರದಲ್ಲಿರಲಿ ಎಂದರು ಡಾಕ್ಟರಮ್ಮ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಬುಧವಾರ ಅತ್ತೆ ಕೆಳಗಿಳಿದ ಮೇಲೆ ನಾನು ಮೈಕ್ ಒತ್ತಿದೆ. ಲೈಸೆನ್ಸ್ ಇಲ್ಲದವಳು ಮುಟ್ಟಬಾರದು, ಗೊತ್ತು. “ರೀ, ನಾನು ಸತ್ಯಾ, ಡಾಕ್ಟರು ನಿಮ್ಮನ್ನು ಬರಲು ಹೇಳಿದ್ದಾರೆ” ಎಂದು ಎರಡು ಸಲ ಹೇಳಿದೆ. ನಿಮಗೆ ಮಾತು ತಿಳಿಯಲಿಲ್ಲವೇನೋ, ಯಾರೋ ಹೆಂಗಸು ಎಂಬುದಷ್ಟು ಕೇಳಿಸಿರಬೇಕು. ಕಾಲ್ ಸೈನ್ ಇಲ್ಲದ ಮಹಿಳೆ ದಯವಿಟ್ಟು ಸುಮ್ಮನಿರಬೇಕು, ಕಾಯುತ್ತಿರುವವರಿಗೆ ತೊಂದರೆಯಾಗುತ್ತಿದೆ ಎಂದಿರಿ. ಸೆಟ್ ಆರಿಸಿ ಕೆಳಗೆ ಬಂದೆ. ಮುಂದಿನ ತುಕಡಿಗೆ ಕೊಟ್ಟ ಹೆಸರು ಹಿಂದಕ್ಕೆ ತೆಗೆದುಕೊಳ್ಳಿ. ನನಗೆ ಭಯವಾಗುತ್ತಿದೆ.