ನಿಸರ್ಗಳ ಸುಸ್ತಿನ ಲೆಕ್ಕ

ಹಾಸನ, ಬಸ್ ಡಿಪೊದ ವಿಶ್ರಾಂತಿ ಕೊಠಡಿ
14 ನವೆಂಬರ್ 2024

ನಿಸರ್ಗಳ ಅಪ್ಪನಿಗೆ ರಂಜಿನಿಯ ನಮಸ್ಕಾರ.

ಹೇಗಿದ್ದೀರಿ? ನೀವಿರುವ ಗಡಿಯ ಕಡೆ ಈಗಲೇ ಹಿಮ ಬೀಳುತ್ತಿದೆಯಂತೆ, ಟಿವಿಯಲ್ಲಿ ನೋಡಿ ಅತ್ತೆ ಊಟ ಬಿಟ್ಟು ಕೂತಿದ್ದರು. ಮಂಡಿಗೆ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಪಕ್ಕದ ಮಂಚದವರಿಗೆ ದಾನ ಮಾಡಿದಿರೋ? ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಮಾತು ಶುರುವಾಗುವಷ್ಟರಲ್ಲಿ ನಿಮ್ಮ ನೆಟ್‌ವರ್ಕು ಕೈಕೊಡುತ್ತದೆ, ಅದಕ್ಕೇ ಈ ಕಾಗದ. ನನ್ನ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ಬೆಳಿಗ್ಗೆ ಹೊಳೆನರಸೀಪುರದ ಟ್ರಿಪ್ಪಿನಲ್ಲಿ ಟಿಕೆಟ್ ತೆಗೆದುಕೊಂಡವರಿಗೇ ಮತ್ತೆ ಟಿಕೆಟ್ ಕೊಟ್ಟು ಬೈಸಿಕೊಂಡೆ.

ವಿಷಯ ಮಗಳದು. ಅವಳ ಫುಟ್‌ಬಾಲ್ ಕೋಚ್ ಭಾನುಪ್ರಿಯಾ ಮೇಡಂ ಈ ಸಲ ಹುಡುಗಿಯರಿಗೆಲ್ಲ ಒಂದು ಕರಿ ಒಳಂಗಿ ಹಾಕಿಸುತ್ತಿದ್ದಾರೆ. ಬೆನ್ನಿಗೆ ಬೆಂಕಿಪೊಟ್ಟಣದಷ್ಟು ಯಂತ್ರ, ಎದೆಗೊಂದು ಪಟ್ಟಿ. ಆಟದಲ್ಲಿ ಯಾರು ಎಷ್ಟು ಓಡಿದರು, ಎದೆ ಎಷ್ಟು ಹೊಡೆದುಕೊಂಡಿತು, ಎಲ್ಲ ಮೇಡಂ ಮೊಬೈಲಿಗೆ ಬರುತ್ತದೆ. ಮೊಮ್ಮಗಳ ಎದೆಬಡಿತ ಊರವರ ಕಣ್ಣಿಗೆ ಬಿದ್ದರೆ ಗತಿಯೇನೆಂದು ನಿಮ್ಮ ತಾಯಿ ಆ ಅಂಗಿಗೇ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಆಟ ಮುಗಿದ ಮೇಲೆ ಇನ್ನೊಂದಿದೆ. ಮೇಡಂ ಒಬ್ಬೊಬ್ಬರನ್ನೇ ಕರೆದು, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಸುಸ್ತಾಗಿದೆ ಹೇಳು ಎನ್ನುತ್ತಾರೆ. ಸೊನ್ನೆ ಎಂದರೆ ಸುಮ್ಮನೆ ಕೂತಂತೆ, ಹತ್ತು ಎಂದರೆ ಇನ್ನೊಂದು ಹೆಜ್ಜೆ ಇಡಲಾರೆ ಎಂದು. ಯಂತ್ರಕ್ಕೆ ಎದೆಬಡಿತ ಗೊತ್ತು, ಮೈಯ ಸಂಕಟ ಗೊತ್ತಿಲ್ಲ, ಅದನ್ನು ಅವರವರ ಬಾಯಿಂದಲೇ ಕೇಳಬೇಕು ಎನ್ನುವುದು ಮೇಡಂ ಮಾತು. ನಿಮ್ಮ ಮಗಳು ಯಾವ ಆಟಕ್ಕೂ ಎರಡು ಬಿಟ್ಟು ಬೇರೆ ಹೇಳಿಲ್ಲ.

ಮೊನ್ನೆ ಭಾನುವಾರ ರಜೆ ಹಾಕಿ ಅರಕಲಗೂಡಿನ ಆಟಕ್ಕೆ ಹೋಗಿದ್ದೆ. ಅಬ್ಬಬ್ಬಾ, ಏನು ಓಡಿದಳು ಅಂತೀರಿ! ಬ್ಯಾಗಿನಲ್ಲಿ ಕಂಡಕ್ಟರ್ ಸೀಟಿ ಇತ್ತು, ಖುಷಿಗೆ ಊದಿಯೇಬಿಟ್ಟೆ. ಹುಡುಗಿಯರೆಲ್ಲ ಗಕ್ಕನೆ ನಿಂತರು, ರೆಫರಿ ನನ್ನನ್ನು ನುಂಗುವಂತೆ ನೋಡಿದ. ನಗಬೇಡಿ. ಆಟ ಮುಗಿದದ್ದೇ ಇವಳು ನೀರಿನ ಟ್ಯಾಂಕಿನ ಹಿಂದಕ್ಕೆ ಹೋಗಿ, ಗೋಡೆ ಹಿಡಿದು ವಾಂತಿ ಮಾಡಿದಳು. ಕಾಲು ಗಡಗಡ ನಡುಗುತ್ತಿತ್ತು. ಮುಖ ತೊಳೆದು ಬಂದು, ಎರಡು ಮೇಡಂ ಎಂದಳು. ಮೇಡಂ ಮೊಬೈಲ್ ತೋರಿಸಿದರು. ಕೊನೆಯ ಹೊತ್ತಿನಲ್ಲಿ ಎದೆಬಡಿತ ಇಳಿದೇ ಇರಲಿಲ್ಲ. "ಸುಳ್ಳೇಳೋ ಮಗೂನ ನಾನು ಆಡ್ಸಲ್ಲ ರಂಜಿನಿಯವ್ರೆ. ಮೈದಾನ್ದಲ್ಲಿ ಬಿದ್ದೋದ್ರೆ ಏನ್ಮಾಡ್ಲಿ?" ಎಂದರು. ಮಾರನೇ ದಿನವೇ ಡಾಕ್ಟರಿಗೆ ತೋರಿಸಿದೆ, ದೋಷವೇನಿಲ್ಲ, ಮೈಮೀರಿ ದಣಿದಿದ್ದಾಳೆ ಅಷ್ಟೇ, ಗಾಬರಿಯಾಗಬೇಡಿ. ಆದರೆ ಡಿಸೆಂಬರ್ ಒಂದಕ್ಕೆ ಚನ್ನರಾಯಪಟ್ಟಣದ ಆಟಕ್ಕೆ ರಾಜ್ಯ ತಂಡಕ್ಕೆ ಆರಿಸುವವರು ಬರುತ್ತಾರೆ. ಇವಳು ಸುಸ್ತು ಎಷ್ಟೆಂದು ನಿಜ ಹೇಳಿದರೆ ಮೇಡಂ ನಡುವೆ ದಣಿವಾರಿಸಿ ಆಡಿಸುತ್ತಾರಂತೆ, ಇಲ್ಲದಿದ್ದರೆ ಹೊರಗೇ ಕೂರಿಸುತ್ತಾರಂತೆ.

ವಾಪಸು ಬರುವಾಗ ಬೈದೆ, ಗೋಗರೆದೆ. ಕೊನೆಗೆ ಬಾಯಿಬಿಟ್ಟಳು. "ಅಪ್ಪ ರಜ ಮುಗ್ಸಿ ಓಗೋವಾಗ ಅಂದಿದ್ದು ಮರ್ತ್‌ಬುಟ್ಯಾ? ಸುಸ್ತು ಅಂದ ದಿನಾನೇ ಬೂಟ್ ಬಿಚ್ಚಿ ಅಟ್ಟದ್ ಮ್ಯಾಕಾಕು ಅಂದವ್ರೆ ಕಣಮ್ಮ." ನೀವು ಮಿಲಿಟರಿ ತಮಾಷೆಗೆ ಅಂದಿರಬಹುದು, ಅವಳು ಅಪ್ಪಣೆ ಎಂದೇ ಹಿಡಿದುಕೊಂಡಿದ್ದಾಳೆ. ನಿಮ್ಮ ಮೇಲೆ ಕೆಟ್ಟ ಸಿಟ್ಟು ಬಂತು. ಬೈಯೋಣವೆಂದರೆ ಎದುರಿಗೆ ನೀವೇ ಇಲ್ಲವಲ್ಲ ಎಂದು ಅಳುವೂ ಬಂತು. ನಾನು ಏನು ಹೇಳಿದರೂ, ಅಪ್ಪ ಹೇಳಲಿ ಎನ್ನುತ್ತಾಳೆ.

ಡ್ರೈವರ್ ಷಡಕ್ಷರಿ ಹಾರನ್ ಒತ್ತುತ್ತಿದ್ದಾರೆ, ಹೊರಟೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ಅತ್ತೆಯ ಕಟ್ಟಪ್ಪಣೆ. ಬೆಚ್ಚಗಿರಿ.

ನಿಮ್ಮ
ರಂಜಿನಿ

ತಾ.ಕ.: ಸಿಗ್ನಲ್ ಸಿಕ್ಕ ದಿನ ನನಗಲ್ಲ, ಮೊದಲು ಅವಳಿಗೆ ಫೋನ್ ಮಾಡಿ. ಗೋಲು ಎಷ್ಟು ಎಂದು ಕೇಳಬೇಡಿ, ಸುಸ್ತು ಎಷ್ಟು ಎಂದು ಕೇಳಿ. ಅದಕ್ಕೂ ಮೊದಲು, ಕಾವಲು ಮುಗಿಸಿ ಬಂದಾಗ ನಿಮ್ಮದು ಎಷ್ಟಿರುತ್ತದೆ ಎಂದು ಅವಳಿಗೆ ಹೇಳಿ. ನೀವು ಎರಡು ಎಂದರೆ ಅವಳೂ ಎರಡೇ ಅನ್ನುತ್ತಾಳೆ.